ಉಳಿತಾಯ ಯಾರ ತಟ್ಟೆಯಿಂದ?

ಅಲ್ಲಾಹನಿಗೆ ಸರ್ವಸ್ತುತಿ. ಅವನ ಅಂತಿಮ ಪ್ರವಾದಿ ಮುಹಮ್ಮದ್(ಸ)ರ ಮೇಲೆ, ಅವರ ಕುಟುಂಬದವರ ಮೇಲೆ, ಅವರ ಸಂಗಾತಿಗಳ ಮೇಲೆ ಶಾಂತಿ ಮತ್ತು ಕೃಪೆ ಇರಲಿ.

ಮಾನ್ಯ ಸಹೋದರರೇ, ಸಹೋದರಿಯರೇ, ಅಲ್ಲಾಹನನ್ನು ಭಯಪಟ್ಟು ಬಾಳಬೇಕೆಂದು ಮೊದಲು ನಮಗೂ ನಂತರ ನಿಮಗೂ ಉಪದೇಶಿಸುತ್ತೇವೆ.

ಶಾಲೆಗಳು ತೆರೆಯುವ ದಿನ ಬಂದಿದೆ. ಮಳೆಗಾಲವೂ ಬಂದಿದೆ. ಶಾಲೆಯ ಶುಲ್ಕ, ಪುಸ್ತಕ, ಸಮವಸ್ತ್ರ, ಕೊಡೆ, ಬೂಟು, ಆಟೋ ಬಾಡಿಗೆ, ಎಲ್ಲವೂ ಒಂದೇ ತಿಂಗಳಲ್ಲಿ ಕೈಚಾಚಿ ನಿಲ್ಲುತ್ತವೆ. ಅತ್ತ ಜೂನ್ 1ರಿಂದ ಜುಲೈ 31ರ ವರೆಗೆ ಕಡಲಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿದೆ. ಬಂದರನ್ನೇ ನಂಬಿದ ಮನೆಗಳಲ್ಲಿ ಎರಡು ತಿಂಗಳು ಸಂಪಾದನೆಯೇ ಇರುವುದಿಲ್ಲ. ಕೂಲಿಯವರಿಗೆ, ಗಾರೆ ಕೆಲಸದವರಿಗೆ, ಬೀದಿ ಬದಿಯ ವ್ಯಾಪಾರಿಗಳಿಗೆ ಮಳೆ ಬಂದ ದಿನ ಕೆಲಸವಿಲ್ಲ. ಇಂತಹ ದಿನಗಳಲ್ಲಿ ಸಣ್ಣ ಮಕ್ಕಳಿರುವ ಮನೆಗಳ ತಂದೆ ತಾಯಂದಿರು ನಮ್ಮಲ್ಲಿ ಹೇಳುವ ಮಾತು ಒಂದೇ: ಎಷ್ಟು ದುಡಿದರೂ ಸಾಲುವುದಿಲ್ಲ ಉಸ್ತಾದರೇ, ಕೈಯಲ್ಲಿ ಒಂದು ಕಾಸೂ ನಿಲ್ಲುವುದಿಲ್ಲ. ಇಮಾಮರ ಸಂಬಳ ಎಷ್ಟೆಂದು ಜಮಾಅತಿನ ಎಲ್ಲರಿಗೂ ಗೊತ್ತಿದೆ. ಆದ್ದರಿಂದ ಈ ಮಾತು ನಮಗೆ ಹೊಸದಲ್ಲ.

ಖರ್ಚು ಕಡಿಮೆ ಮಾಡಬೇಕು, ಸ್ವಲ್ಪ ಉಳಿಸಬೇಕು ಎಂದು ಎಲ್ಲರೂ ತೀರ್ಮಾನಿಸುತ್ತೇವೆ. ಆದರೆ ತೀರ್ಮಾನವಾದ ಮರುದಿನ ಮನೆಯಲ್ಲಿ ಮೊದಲು ನಿಲ್ಲುವುದು ಯಾವುದು ಎಂದು ಸ್ವಲ್ಪ ಯೋಚಿಸಿ ನೋಡಿರಿ. ಮೊದಲು ಅರ್ಧ ಲೀಟರು ಹಾಲು ನಿಲ್ಲುತ್ತದೆ. ಆಮೇಲೆ ಮೊಟ್ಟೆ ನಿಲ್ಲುತ್ತದೆ. ಹಾಲುಣಿಸುವ ತಾಯಿಗೆ ವೈದ್ಯರು ಹೇಳಿದ ರಕ್ತ ಪರೀಕ್ಷೆ ಮುಂದಿನ ತಿಂಗಳಿಗೆ ಹೋಗುತ್ತದೆ. ಎಲ್ಲರಿಗೂ ಬಡಿಸಿ ಕೊನೆಗೆ ಉಣ್ಣುವ ಉಮ್ಮನ ತಟ್ಟೆಯಲ್ಲಿ ಮೀನಿನ ತುಂಡು ಇರುವುದಿಲ್ಲ, ಸಾರು ಮಾತ್ರ ಇರುತ್ತದೆ. ಆದರೆ ನಮ್ಮ ಕೈಯ ಮೊಬೈಲು ಬದಲಾಗುವುದು ನಿಲ್ಲುವುದಿಲ್ಲ. ರಾತ್ರಿ ಗೆಳೆಯರೊಡನೆ ಹೊರಗೆ ಹೋಗಿ ತಿನ್ನುವುದು ನಿಲ್ಲುವುದಿಲ್ಲ. ಸಂಬಂಧಿಕರ ಮದುವೆಗೆ ಮನೆಮಂದಿಗೆಲ್ಲ ಹೊಸ ಬಟ್ಟೆ ತೆಗೆಯುವುದು ನಿಲ್ಲುವುದಿಲ್ಲ. ಹಾಗಾದರೆ ನಾವು ಉಳಿಸಿದ್ದು ಯಾರ ತಟ್ಟೆಯಿಂದ? ಇಂದಿನ ಜುಮಾದಲ್ಲಿ ನಾವು ಚಿಂತಿಸಬೇಕಾದ ವಿಷಯ ಇದು.

ಮಿತವ್ಯಯ ಮತ್ತು ಜಿಪುಣತನ

ಪವಿತ್ರ ಕುರ್‌ಆನ್ ಅಲ್ ಫುರ್ಕಾನ್ ಅಧ್ಯಾಯದ 67ನೇ ವಚನದಲ್ಲಿ ಪರಮ ದಯಾಮಯನ ದಾಸರ ಗುಣಗಳನ್ನು ವಿವರಿಸುತ್ತಾ, ಅವರು ಖರ್ಚು ಮಾಡುವಾಗ ದುಂದುಗಾರರೂ ಅಲ್ಲ, ಜಿಪುಣರೂ ಅಲ್ಲ, ಇವೆರಡರ ನಡುವಿನ ದಾರಿ ಹಿಡಿಯುವವರು ಎಂದು ತಿಳಿಸುತ್ತದೆ. ದುಂದುವೆಚ್ಚ ಕೆಟ್ಟದ್ದೆಂದು ನಾವು ಅನೇಕ ಸಲ ಕೇಳಿದ್ದೇವೆ. ಅದೇ ವಚನದಲ್ಲಿ ಜಿಪುಣತನವನ್ನೂ ಬೇಡವೆನ್ನಲಾಗಿದೆ ಎಂಬುದನ್ನು ಮರೆಯುತ್ತೇವೆ.

ಬನೀ ಇಸ್ರಾಈಲ್ ಅಧ್ಯಾಯದ 26 ಮತ್ತು 27ನೇ ವಚನಗಳನ್ನು ಗಮನಿಸಿರಿ. ದುಂದುಗಾರರು ಶೈತಾನರ ಸಹೋದರರು ಎಂಬ ಕಠಿಣ ಎಚ್ಚರಿಕೆ ಅಲ್ಲಿದೆ. ಆದರೆ ಆ ಮಾತು ಒಂಟಿಯಾಗಿ ಬಂದಿಲ್ಲ. ಬಂಧುಗಳಿಗೆ, ಬಡವರಿಗೆ, ದಾರಿಹೋಕರಿಗೆ ಅವರವರ ಹಕ್ಕನ್ನು ಕೊಡಿರಿ ಎಂಬ ಆಜ್ಞೆ ಮೊದಲು ಬಂದಿದೆ, ದುಂದುವೆಚ್ಚದ ಮಾತು ಅದರ ಬೆನ್ನಿಗೇ ಬಂದಿದೆ. ಇದರಿಂದ ನಾವು ಅರ್ಥ ಮಾಡಿಕೊಳ್ಳಬೇಕಾದುದೇನು? ನಮ್ಮ ಕೈಗೆ ಬರುವ ಪ್ರತಿಯೊಂದು ರೂಪಾಯಿಯಲ್ಲೂ ಯಾರದೋ ಹಕ್ಕಿದೆ. ಪೋಲಾದದ್ದು ಬರೇ ನಮ್ಮ ಹಣವಲ್ಲ, ಒಬ್ಬ ಹಕ್ಕುದಾರನ ಪಾಲು. ಆ ಹಕ್ಕುದಾರ ಹೊರಗಿನ ಬಡವನಾಗಿರಬಹುದು, ಮುಪ್ಪಿನ ತಂದೆ ತಾಯಿಯಾಗಿರಬಹುದು. ಸಣ್ಣ ಮಕ್ಕಳಿರುವ ಮನೆಯಲ್ಲಿ ಅವನು ತೊಟ್ಟಿಲಲ್ಲಿ ಮಲಗಿರುವ ಮಗುವಾಗಿರಬಹುದು. ತನ್ನ ಹಕ್ಕು ಕೇಳಲು ಆ ಮಗುವಿಗೆ ಬಾಯಿಲ್ಲ.

ಅಬೂ ಸುಫ್‌ಯಾನ್(ರ)ರ ಪತ್ನಿ ಹಿಂದ್(ರ) ಪ್ರವಾದಿವರ್ಯರ(ಸ) ಬಳಿ ಬಂದು, ನನ್ನ ಪತಿ ಕೈಬಿಗಿ ಮನುಷ್ಯ, ನನಗೂ ಮಕ್ಕಳಿಗೂ ಸಾಲುವಷ್ಟು ಕೊಡುವುದಿಲ್ಲ ಎಂದು ದೂರಿಕೊಂಡ ಘಟನೆ ಬುಖಾರಿಯಲ್ಲಿದೆ. ನಿನಗೂ ನಿನ್ನ ಮಕ್ಕಳಿಗೂ ಸಾಕಾಗುವಷ್ಟನ್ನು ಮರ್ಯಾದೆಯ ಮಿತಿಯಲ್ಲಿ ತೆಗೆದುಕೋ ಎಂದು ಪ್ರವಾದಿವರ್ಯರು(ಸ) ಅವರಿಗೆ ಅನುಮತಿ ಕೊಟ್ಟರು. ಹೆಂಡತಿ ಮಕ್ಕಳ ಹೊಟ್ಟೆಯ ಖರ್ಚು ಗಂಡನ ದಾನವಲ್ಲ, ಅವರ ಹಕ್ಕು ಎಂಬುದು ಇದರಿಂದ ಸ್ಪಷ್ಟವಾಗುತ್ತದೆ. ಅಲ್ಲಾಹನ ಮಾರ್ಗದಲ್ಲಿ ಕೊಟ್ಟ ದೀನಾರ್, ಗುಲಾಮನ ವಿಮೋಚನೆಗೆ ಕೊಟ್ಟ ದೀನಾರ್, ಬಡವನಿಗೆ ಕೊಟ್ಟ ದೀನಾರ್, ಮನೆಯವರಿಗಾಗಿ ಖರ್ಚು ಮಾಡಿದ ದೀನಾರ್ ಇವುಗಳ ಪೈಕಿ ಮನೆಯವರಿಗಾಗಿ ಖರ್ಚು ಮಾಡಿದ್ದಕ್ಕೇ ಹೆಚ್ಚು ಪುಣ್ಯವಿದೆ ಎಂಬ ಬೋಧನೆ ಮುಸ್ಲಿಮ್ ಹದೀಸ್ ಗ್ರಂಥದಲ್ಲಿದೆ. ಆದ್ದರಿಂದ ಮಗುವಿನ ಹಾಲು ನಿಲ್ಲಿಸಿ ಉಳಿಸಿದ ಹಣವನ್ನು ಮಿತವ್ಯಯ ಎಂದು ಕರೆಯಬಾರದು. ಅದು ಹಕ್ಕುದಾರನ ಪಾಲನ್ನು ತಡೆಹಿಡಿದದ್ದು.

ಕೈ ಹಾಕಬಾರದ ಜಾಗ

ಉಳಿತಾಯ ಮಾಡಲು ಕುಳಿತಾಗ ಎಲ್ಲಿಂದ ಕಡಿಮೆ ಮಾಡಬಾರದು ಎಂಬುದನ್ನು ಮೊದಲು ತೀರ್ಮಾನಿಸಿರಿ. ಸಣ್ಣ ಮಕ್ಕಳ ಊಟ, ಬಸುರಿ ಬಾಣಂತಿಯರ ಊಟ, ಲಸಿಕೆ, ಮದ್ದು, ಓದು, ಇವು ಕೈ ಹಾಕಬಾರದ ಜಾಗಗಳು. ಸಂತೋಷದ ವಿಷಯವೇನೆಂದರೆ ಇವುಗಳಲ್ಲಿ ಬಹಳಷ್ಟು ದುಬಾರಿಯಾದವುಗಳಲ್ಲ. ಕೆಲವಕ್ಕೆ ಬೆಲೆಯೇ ಇಲ್ಲ.

ಮೊದಲ ಆರು ತಿಂಗಳು ಮಗುವಿಗೆ ತಾಯಿಯ ಹಾಲೊಂದೇ ಸಾಕು, ನೀರೂ ಬೇಡ ಎಂದು ವೈದ್ಯರು ಹೇಳುತ್ತಾರೆ. ಕುರ್‌ಆನ್ ಅಲ್ ಬಕರಃ ಅಧ್ಯಾಯದ 233ನೇ ವಚನದಲ್ಲಿ, ಪೂರ್ಣಗೊಳಿಸ ಬಯಸುವವರಿಗೆ ಎರಡು ವರ್ಷಗಳ ಹಾಲುಣಿಕೆಯನ್ನು ತಿಳಿಸಿದೆ. ಅದೇ ವಚನದಲ್ಲಿ ಹಾಲುಣಿಸುವ ತಾಯಿಯ ಊಟ ಬಟ್ಟೆಯ ಹೊಣೆಯನ್ನು ಮಗುವಿನ ತಂದೆಯ ಮೇಲೆ ಹೊರಿಸಿದೆ, ಯಾರ ಮೇಲೂ ಅವರ ಶಕ್ತಿ ಮೀರಿ ಹೊರೆ ಇಲ್ಲವೆಂದೂ ಹೇಳಿದೆ. ತಾಯಿ ಚೆನ್ನಾಗಿ ಉಂಡರೆ ಮಗು ಚೆನ್ನಾಗಿ ಬೆಳೆಯುತ್ತದೆ. ವೈದ್ಯರು ಅಗತ್ಯವೆಂದರೆ ಡಬ್ಬಿ ಹಾಲು ಕೊಡಲೇಬೇಕು, ಆ ತಾಯಿಯನ್ನು ಯಾರೂ ದೂಷಿಸಬಾರದು. ಆದರೆ ಅಗತ್ಯವಿಲ್ಲದೆ, ಡಬ್ಬಿಯ ಹಾಲೇ ಶ್ರೇಷ್ಠವೆಂದು ತಿಳಿದು ದುಡ್ಡು ಸುರಿಯಬಾರದು. ಎರಡು ವರ್ಷದೊಳಗಿನ ಮಕ್ಕಳ ಡಬ್ಬಿ ಹಾಲು, ಹಾಲಿನ ಬಾಟಲಿಗಳ ಜಾಹೀರಾತನ್ನು ನಮ್ಮ ದೇಶದ 1992ರ ಕಾನೂನು ನಿಷೇಧಿಸಿದೆ. ಹೀಗೊಂದು ಕಾನೂನು ಯಾಕೆ ಬೇಕಾಯಿತು ಎಂದು ಯೋಚಿಸಿರಿ.

ಲಸಿಕೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಉಚಿತ. ಸಣ್ಣ ಮಕ್ಕಳಿಗೆ ಅಂಗನವಾಡಿಯಲ್ಲಿ ಪೌಷ್ಟಿಕ ಆಹಾರವಿದೆ. ಗರ್ಭಿಣಿಯರಿಗೆ, ಬಾಣಂತಿಯರಿಗೆ ಬಿಸಿಯೂಟ ಕೊಡುವ ಮಾತೃಪೂರ್ಣ ಯೋಜನೆ ನಮ್ಮ ರಾಜ್ಯದಲ್ಲಿ 2017ರ ಅಕ್ಟೋಬರ್ 2ರಂದು ಆರಂಭವಾಯಿತು. ಅಂಗನವಾಡಿಗೂ ಸರಕಾರಿ ಶಾಲೆಗೂ ಮಕ್ಕಳಿಗೆ ಹಾಲು ಕೊಡುವ ಕ್ಷೀರಭಾಗ್ಯ 2013ರಿಂದ ಇದೆ. ಇವು ಭಿಕ್ಷೆಯಲ್ಲ, ನಾವೆಲ್ಲ ಕೊಟ್ಟ ತೆರಿಗೆಯ ಹಣ. ಅಂಗನವಾಡಿಯ ಬಾಗಿಲಲ್ಲಿ ಕಂಡರೆ ಜನ ಏನೆಂದಾರು ಎಂದು ನಾಚಿಕೊಂಡು ಮನೆಯಲ್ಲಿ ಮಗುವಿಗೆ ಚಹಾ ಮತ್ತು ಬಿಸ್ಕೆಟ್ ಕೊಡುವುದು ಯಾವ ಮರ್ಯಾದೆ?

ಊಟದ ವಿಷಯವೂ ಹೀಗೆಯೇ. ಮೀನು ದುಬಾರಿಯಾಗುವ ಈ ಎರಡು ತಿಂಗಳು ಮೊಟ್ಟೆ ಇದೆ, ಹೆಸರುಕಾಳು, ಕಡಲೆ, ತೊಗರಿಬೇಳೆ ಇದೆ. ಮನೆಯ ಹಿತ್ತಿಲ ಬಸಳೆ, ನುಗ್ಗೆಸೊಪ್ಪು, ಹಲಸಿನ ಬೀಜ ಇವೆ. ಹತ್ತು ರೂಪಾಯಿಯ ಕುರುಕಲು ಪ್ಯಾಕೆಟ್ಟಿನ ಹಣದಲ್ಲಿ ಒಂದು ಮೊಟ್ಟೆ ಬರುತ್ತದೆ. ಪ್ಯಾಕೆಟ್ಟಿನಲ್ಲಿ ಮಗುವಿಗೆ ಸಿಗುವುದು ಉಪ್ಪು, ಎಣ್ಣೆ ಮತ್ತು ಗಾಳಿ. ಮೊಟ್ಟೆಯಲ್ಲಿ ಮೈಗೆ ಹತ್ತುವ ಆಹಾರವಿದೆ.

ಕಡಿಮೆ ಮಾಡಬೇಕಾದ ಜಾಗ

ಇನ್ನು ಎಲ್ಲಿಂದ ಕಡಿಮೆ ಮಾಡಬೇಕು? ನಾಲ್ಕು ಜಾಗಗಳನ್ನು ಹೇಳುತ್ತೇವೆ.

ಒಂದನೆಯದು, ಲೆಕ್ಕಕ್ಕೆ ಸಿಗದ ಸಣ್ಣ ಖರ್ಚು. ಇಬ್ಬರು ಮಕ್ಕಳಿಗೆ ದಿನಕ್ಕೆ ಎರಡೆರಡು ಹತ್ತು ರೂಪಾಯಿಯ ಪ್ಯಾಕೆಟ್ ಎಂದರೆ ದಿನಕ್ಕೆ 40 ರೂಪಾಯಿ, ತಿಂಗಳಿಗೆ 1,200, ವರ್ಷಕ್ಕೆ 14,400 ರೂಪಾಯಿ. ಡಯಾಪರ್ ಒಂದಕ್ಕೆ 10 ರೂಪಾಯಿ ಎಂದಿಟ್ಟರೂ ದಿನಕ್ಕೆ ನಾಲ್ಕೆಂದರೆ ತಿಂಗಳಿಗೆ ಮತ್ತೊಂದು 1,200. ಪ್ರಯಾಣಕ್ಕೆ, ರಾತ್ರಿಗೆ ಒಂದು ಇರಲಿ, ಹಗಲು ಮನೆಯಲ್ಲಿ ಹಳೆಯ ಹತ್ತಿ ಬಟ್ಟೆ ಸಾಕು. ಆದರೆ ಸಹೋದರರೇ, ಹೀಗೆ ತೀರ್ಮಾನಿಸಿದ ಮೇಲೆ ಆ ಬಟ್ಟೆ ಒಗೆಯುವವರು ಯಾರು ಎಂಬ ಪ್ರಶ್ನೆಯೂ ಇದೆ. ಉಳಿತಾಯ ಗಂಡನದು, ಶ್ರಮ ಹೆಂಡತಿಯದು ಎಂದಾಗಬಾರದು. ಪ್ರವಾದಿವರ್ಯರು(ಸ) ಮನೆಯಲ್ಲಿದ್ದಾಗ ಮನೆಯವರ ಕೆಲಸದಲ್ಲಿ ತೊಡಗಿರುತ್ತಿದ್ದರು ಎಂದು ಹ. ಆಯಿಶಾ(ರ) ತಿಳಿಸಿದ್ದಾರೆ. ಮಳೆಗಾಲದಲ್ಲಿ ಬಟ್ಟೆ ಒಣಗುವುದಿಲ್ಲ ಎಂಬ ಕಷ್ಟ ಒಮ್ಮೆ ಹಿಂಡಿ ಹರವಿದವನಿಗೆ ಗೊತ್ತಾಗುತ್ತದೆ.

ಎರಡನೆಯದು, ಅಡುಗೆ ಮನೆಯ ಪೋಲು. ಕೈಯಿಂದ ಬಿದ್ದ ತುತ್ತನ್ನು ಎತ್ತಿ, ಅಂಟಿದ ಕೊಳೆ ತೆಗೆದು ತಿನ್ನಬೇಕೆಂದು ಕಲಿಸಿದ ಧರ್ಮ ನಮ್ಮದು. ಒಂದು ಬೊಗಸೆ, ಅಂದರೆ ಒಂದು ಮುದ್ದ್ ನೀರಿನಲ್ಲಿ ಪ್ರವಾದಿವರ್ಯರು(ಸ) ವುಝೂ ಮಾಡುತ್ತಿದ್ದರೆಂದು ಹ. ಅನಸ್(ರ) ವರದಿ ಮಾಡಿದ್ದಾರೆ. ನಾವಾದರೋ ನಳ್ಳಿ ತೆರೆದಿಟ್ಟು ಮಾತನಾಡುತ್ತಾ ವುಝೂ ಮಾಡುತ್ತೇವೆ. ಮಕ್ಕಳ ತಟ್ಟೆಗೆ ಸ್ವಲ್ಪ ಬಡಿಸಿರಿ, ಬೇಕಾದರೆ ಮತ್ತೆ ಕೇಳಲಿ. ನಿನ್ನೆಯ ಅನ್ನವನ್ನು ಚೆಲ್ಲುವ ಬದಲು ಇಂದಿನ ದೋಸೆ ಹಿಟ್ಟಿಗೆ ಅರೆಯಿರಿ. ಕಾಳುಗಳನ್ನು ರಾತ್ರಿಯೇ ನೆನೆಸಿದರೆ ಗ್ಯಾಸ್ ಉಳಿಯುತ್ತದೆ. ಅಂಗಡಿಗೆ ಹೋಗುವ ಮೊದಲು ಬೇಕಾದುದನ್ನು ಬರೆದುಕೊಂಡು ಹೋಗಿರಿ, ಮಕ್ಕಳೊಡನೆ ಹಸಿದ ಹೊತ್ತಿನಲ್ಲಿ ಹೋಗಬೇಡಿರಿ.

ಮೂರನೆಯದು, ಮಕ್ಕಳ ಹೆಸರಿನಲ್ಲಿ ದೊಡ್ಡವರು ಮಾಡುವ ಖರ್ಚು. ಅಕೀಕಾ ಸುನ್ನತ್ ಆಗಿದೆ. ಸಾಮರ್ಥ್ಯವಿದ್ದವನು ಆಡು ಕೊಯ್ದು ಬಂಧುಗಳಿಗೂ ಬಡವರಿಗೂ ಉಣಿಸಲಿ. ಅದರ ಮೇಲೆ ನಾವು ಹೊರಿಸಿದ ಸಭಾಂಗಣ, ಬಣ್ಣದ ಬಲೂನು, ವೇದಿಕೆ, ವೀಡಿಯೋ, ಬರುವವರಿಗೆಲ್ಲ ಕೈಯುಡುಗೊರೆ ಇವು ಯಾವುದೂ ಸುನ್ನತ್ ಅಲ್ಲ. ಸಾಮರ್ಥ್ಯವಿಲ್ಲದವನು ಸಾಲ ಮಾಡಿ ಅಕೀಕಾ ಮಾಡಬೇಕೆಂದು ದೀನ್ ಹೇಳಿಲ್ಲ. ಎಂಟು ದಿನದ ಕೂಸಿಗೆ ಬಲೂನಿನ ಬಣ್ಣ ಕಾಣುವುದಿಲ್ಲ. ಅದು ಕಾಣುವುದು ನೆರೆಹೊರೆಯ ಕಣ್ಣಿಗೆ. ಒಂದು ವರ್ಷದಲ್ಲಿ ಗಿಡ್ಡವಾಗುವ ಬಟ್ಟೆಗೆ ಸಾವಿರಾರು ರೂಪಾಯಿ ಕೊಡುವುದೂ ಹೀಗೆಯೇ. ಅಣ್ಣನ ಅಂಗಿಯನ್ನು ತಮ್ಮ ಹಾಕುವುದು, ಅಕ್ಕನ ಪುಸ್ತಕವನ್ನು ತಂಗಿ ಓದುವುದು ಒಂದು ಕಾಲಕ್ಕೆ ಎಲ್ಲ ಮನೆಗಳ ರೂಢಿಯಾಗಿತ್ತು. ಅದರಲ್ಲಿ ಕೀಳೇನೂ ಇರಲಿಲ್ಲ, ಈಗಲೂ ಇಲ್ಲ.

ನಾಲ್ಕನೆಯದು, ಶಾಲೆಯ ಆಯ್ಕೆ. ಮಕ್ಕಳ ಓದಿಗೆ ಖರ್ಚು ಮಾಡಲೇಬೇಕು. ಆದರೆ ಓದಿಗೆ ಕೊಡುವುದು ಬೇರೆ, ಶಾಲೆಯ ಹೆಸರಿಗೆ ಕೊಡುವುದು ಬೇರೆ. ಸಂಪಾದನೆಯ ಅರ್ಧವನ್ನು ಎಲ್‌ಕೆಜಿಯ ಶುಲ್ಕಕ್ಕೇ ಕೊಟ್ಟು, ಆ ಮಗು ಕಾಲೇಜಿಗೆ ಬರುವಾಗ ಕೈ ಬರಿದಾಗಿ, ಪಿಯುಸಿಗೆ ಓದು ನಿಲ್ಲಿಸುವ ಮನೆಗಳನ್ನು ನಾವು ನೋಡುತ್ತಿದ್ದೇವೆ. ಹತ್ತಿರದ ಸರಕಾರಿ ಶಾಲೆಯಲ್ಲಿ ಒಳ್ಳೆಯ ಶಿಕ್ಷಕರಿದ್ದರೆ ಒಮ್ಮೆ ಹೋಗಿ ನೋಡಿರಿ, ವಿಚಾರಿಸಿರಿ. ನಂತರ ತೀರ್ಮಾನಿಸಿರಿ. ಓದು ಹದಿನೈದು ಇಪ್ಪತ್ತು ವರ್ಷಗಳ ದಾರಿ. ಇರುವ ಬುತ್ತಿಯನ್ನು ಮೊದಲ ಮೈಲಿಯಲ್ಲೇ ತಿಂದು ಮುಗಿಸಬಾರದು.

ಸಾಲವೆಂಬ ಸಂಕಲೆ

ಪ್ರವಾದಿವರ್ಯರು(ಸ) ನಮಾಝಿನಲ್ಲಿ ಸಾಲದಿಂದ ಅಲ್ಲಾಹನ ಅಭಯ ಬೇಡುತ್ತಿದ್ದರು. ಇಷ್ಟೊಂದು ಅಭಯ ಯಾಕೆ ಬೇಡುತ್ತೀರಿ ಎಂದು ಕೇಳಿದಾಗ, ಸಾಲಗಾರನು ಮಾತನಾಡಿದರೆ ಸುಳ್ಳು ಹೇಳುತ್ತಾನೆ, ಮಾತು ಕೊಟ್ಟರೆ ತಪ್ಪುತ್ತಾನೆ ಎಂಬ ಕಾರಣವನ್ನು ತಿಳಿಸಿದರು. ಸಾಲವು ಮನುಷ್ಯನ ಹಣವನ್ನು ಮಾತ್ರವಲ್ಲ, ಅವನ ನಾಲಗೆಯನ್ನೂ ಕೆಡಿಸುತ್ತದೆ. ಬಾಗಿಲಿಗೆ ಬಂದವನಿಗೆ ತಂದೆ ಮನೆಯಲ್ಲಿಲ್ಲ ಎಂದು ಹೇಳಲು ಮಗುವನ್ನು ಕಳುಹಿಸುವ ತಂದೆ, ಆ ಮಗುವಿಗೆ ಕಲಿಸಿದ್ದು ಏನು?

ಇಂದು ಸಾಲವು ಸಾಲದ ಹೆಸರಿನಲ್ಲಿ ಬರುವುದಿಲ್ಲ. ಸುಲಭ ಕಂತು, ಬಡ್ಡಿಯಿಲ್ಲದ ಇಎಂಐ, ಈಗ ಕೊಳ್ಳಿರಿ ಆಮೇಲೆ ಕೊಡಿರಿ ಎಂದು ಬರುತ್ತದೆ. ಶೂನ್ಯ ಬಡ್ಡಿ ಎಂಬ ಕಲ್ಪನೆಯೇ ಇಲ್ಲ, ಬಡ್ಡಿಯನ್ನು ಅನೇಕ ಸಲ ಸಂಸ್ಕರಣಾ ಶುಲ್ಕದ ಹೆಸರಿನಲ್ಲಿ ಗ್ರಾಹಕನಿಂದಲೇ ಪಡೆಯಲಾಗುತ್ತದೆ ಎಂದು ರಿಸರ್ವ್ ಬ್ಯಾಂಕೇ 2013ರಲ್ಲಿ ಬ್ಯಾಂಕುಗಳಿಗೆ ಸುತ್ತೋಲೆ ಕಳುಹಿಸಿತ್ತು. ಬಡ್ಡಿ ಹರಾಮೆಂದು ತಿಳಿದ ನಾವು ಆ ಪದ ಕಾಣಿಸದಿದ್ದರೆ ಸಾಕೆಂದು ಸಹಿ ಹಾಕಬಾರದು. ವಾರದ ಕಂತಿನ ಕಿರುಸಾಲಗಳ ಕಥೆಯೂ ನಿಮಗೆ ಗೊತ್ತಿದೆ. ವಸೂಲಿಯವರ ಕಿರುಕುಳ ತಡೆಯಲು ನಮ್ಮ ರಾಜ್ಯದಲ್ಲಿ 2025ರಲ್ಲಿ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು.

ಇನ್ನೊಂದು ಮಾತನ್ನು ಸಹೋದರರು ಗಮನವಿಟ್ಟು ಕೇಳಬೇಕು. ಉಳಿತಾಯವಿಲ್ಲದ ಮನೆಯಲ್ಲಿ ಮಗುವಿಗೆ ಜ್ವರ ಏರಿ ಆಸ್ಪತ್ರೆಗೆ ಸೇರಿಸಬೇಕಾದ ರಾತ್ರಿ ಮೊದಲು ಬಿಚ್ಚುವುದು ಯಾರ ಕೈಯ ಬಳೆ? ಮಹರ್ ಆಗಿ ಕೊಟ್ಟ ಬಂಗಾರ ಅವಳ ಸ್ವಂತ ಸೊತ್ತು. ಅವಳು ಸಂತೋಷದಿಂದ, ಮನಸಾರೆ ಬಿಟ್ಟುಕೊಟ್ಟರೆ ಮಾತ್ರ ಅದು ಗಂಡನಿಗೆ ಹಲಾಲ್ ಎಂದು ಅನ್ನಿಸಾ ಅಧ್ಯಾಯದ 4ನೇ ವಚನ ತಿಳಿಸುತ್ತದೆ. ಮಗು ಉಸಿರಿಗಾಗಿ ಒದ್ದಾಡುತ್ತಿರುವಾಗ ಯಾವ ತಾಯಿ ಬೇಡವೆಂದಾಳು? ಅವಳು ಕೊಡುತ್ತಾಳೆ. ಆದರೆ ವರ್ಷವಿಡೀ ಗಂಡ ಗೆಳೆಯರೊಡನೆ, ಅಂಗಡಿಯಲ್ಲಿ, ಸಮಾರಂಭಗಳಲ್ಲಿ ಕೈಬಿಚ್ಚಿ ಖರ್ಚು ಮಾಡಿದ್ದರ ಬೆಲೆಯನ್ನು ಅವಳು ತೆರಬೇಕಾಗಿ ಬಂದದ್ದನ್ನು ನಾವು ತ್ಯಾಗ ಎಂದು ಹೊಗಳಿ ಸುಮ್ಮನಾಗಬಾರದು. ಅವಳಿಂದ ಪಡೆದದ್ದು ಸಾಲವಾಗಿದ್ದರೆ ಅದನ್ನೂ ಬರೆದಿಡಬೇಕು, ಹಿಂದಿರುಗಿಸಬೇಕು. ಸಾಲವನ್ನು ಬರೆದಿಡಬೇಕೆಂಬ ಕುರ್‌ಆನಿನ ಅತ್ಯಂತ ದೀರ್ಘ ವಚನದಲ್ಲಿ ಹೆಂಡತಿಯ ಸಾಲಕ್ಕೆ ವಿನಾಯಿತಿ ಇಲ್ಲ.

ತೆನೆಗೂಡಿದರೆ ಬಳ್ಳ

ಕೂಡಿಡುವುದು ಅಲ್ಲಾಹನ ಮೇಲಿನ ಭರವಸೆಗೆ ವಿರುದ್ಧವೆಂದು ಕೆಲವರು ತಿಳಿದಿದ್ದಾರೆ. ಇದು ಸರಿಯಲ್ಲ. ಪ್ರವಾದಿ ಯೂಸುಫ್(ಅ) ಈಜಿಪ್ಟಿನ ಅರಸನ ಕನಸಿಗೆ ಅರ್ಥ ಹೇಳಿದಾಗ, ಏಳು ವರ್ಷ ಬೆಳೆಯಿರಿ, ತಿನ್ನುವಷ್ಟನ್ನು ತೆಗೆದುಕೊಂಡು ಉಳಿದದ್ದನ್ನು ತೆನೆಯಲ್ಲೇ ಬಿಡಿರಿ, ಮುಂದೆ ಬರದ ಏಳು ವರ್ಷಗಳಿವೆ ಎಂದು ದಾರಿ ತೋರಿಸಿದರು. ಒಂದು ದೇಶವೇ ಹಸಿವಿನಿಂದ ಪಾರಾಯಿತು. ಪ್ರವಾದಿವರ್ಯರೂ(ಸ) ತಮ್ಮ ಮನೆಯವರಿಗಾಗಿ ಒಂದು ವರ್ಷದ ಆಹಾರವನ್ನು ತೆಗೆದಿಡುತ್ತಿದ್ದರೆಂದು ಹ. ಉಮರ್(ರ) ಹೇಳಿದ್ದು ಬುಖಾರಿಯಲ್ಲಿದೆ. ಹ. ಸಅದ್ ಬಿನ್ ಅಬೀ ವಕ್ಕಾಸ್(ರ) ಕಾಯಿಲೆ ಬಿದ್ದು ತಮ್ಮ ಸಂಪತ್ತಿನ ಹೆಚ್ಚಿನ ಭಾಗವನ್ನು ದಾನ ಮಾಡಲು ಬಯಸಿದಾಗ ಪ್ರವಾದಿವರ್ಯರು(ಸ) ಮೂರನೆಯ ಒಂದು ಭಾಗಕ್ಕೆ ಮಾತ್ರ ಒಪ್ಪಿದರು, ಅದೂ ಹೆಚ್ಚೇ ಎಂದರು. ವಾರಸುದಾರರು ಜನರ ಮುಂದೆ ಕೈಚಾಚುವಂತೆ ಬಿಟ್ಟು ಹೋಗುವುದಕ್ಕಿಂತ ಅವರನ್ನು ಅನುಕೂಲವಂತರಾಗಿ ಬಿಟ್ಟು ಹೋಗುವುದು ಮೇಲು ಎಂದು ವಿವರಿಸಿದರು. ಹೆಂಡತಿಯ ಬಾಯಿಗೆ ಇಡುವ ತುತ್ತಿಗೂ ಪುಣ್ಯವಿದೆ ಎಂದು ಹೇಳಿದ್ದು ಇದೇ ಸಂದರ್ಭದಲ್ಲಿ. ದಾನ, ಉಳಿತಾಯ, ಮನೆಯವರ ಊಟ, ಈ ಮೂರನ್ನೂ ಅವರು ಒಟ್ಟಿಗೆ ಹೇಳಿದರು.

ನಮ್ಮ ಹಿರಿಯರಿಗೆ ಇದು ಗೊತ್ತಿತ್ತು. ಮಳೆಗಾಲಕ್ಕೆ ಮುಂಚೆ ಅಟ್ಟದಲ್ಲಿ ಅಕ್ಕಿಯ ಮುಡಿ, ಭರಣಿಯಲ್ಲಿ ಉಪ್ಪಿಗೆ ಹಾಕಿದ ಮಾವು ಮತ್ತು ಹಲಸಿನ ಸೊಳೆ, ಡಬ್ಬದಲ್ಲಿ ಹಪ್ಪಳ, ಒಣಮೀನು, ಕೊಟ್ಟಿಗೆಯಲ್ಲಿ ಕಟ್ಟಿಗೆ ಇರುತ್ತಿತ್ತು. ಬಡವರೂ ತಮ್ಮ ಮಟ್ಟಕ್ಕೆ ಕೂಡಿಡುತ್ತಿದ್ದರು. ಹನಿಗೂಡಿದರೆ ಹಳ್ಳ, ತೆನೆಗೂಡಿದರೆ ಬಳ್ಳ ಎಂಬ ಗಾದೆ ಇಂತಹ ಮನೆಗಳಿಂದಲೇ ಬಂದಿರಬೇಕು. ಇಂದು ನಮಗೆ ಬೇಕಾದ ಮುಡಿ ಅಕ್ಕಿಯದಲ್ಲ, ಹಣದ್ದು.

ಹೇಗೆ ಕೂಡಿಡಬೇಕು? ತಿಂಗಳ ಕೊನೆಗೆ ಉಳಿದರೆ ಇಡೋಣ ಎಂದರೆ ಯಾವ ತಿಂಗಳೂ ಉಳಿಯುವುದಿಲ್ಲ. ಸಂಬಳ ಬಂದ ದಿನವೇ ಮೊದಲು ತೆಗೆದಿಡಿರಿ. ದಿನಗೂಲಿಯವರು ಸಂಜೆ ಮನೆಗೆ ಬಂದ ಕೂಡಲೇ ತೆಗೆದಿಡಿರಿ. ದಿನಕ್ಕೆ 30 ರೂಪಾಯಿ ಎಂದರೆ ವರ್ಷಕ್ಕೆ 10,950 ರೂಪಾಯಿ. ಒಂದು ಮಳೆಗಾಲದ ಶಾಲೆ ಖರ್ಚಿನ ದೊಡ್ಡ ಪಾಲು ಅದರಲ್ಲಿ ಮುಗಿಯುತ್ತದೆ. ಗೃಹಲಕ್ಷ್ಮಿಯ 2,000 ರೂಪಾಯಿ ಬರುವ ಮನೆಯಲ್ಲಿ ಅದು ಮನೆಯ ಯಜಮಾನಿಗೆ ಬಂದದ್ದು ಎಂಬುದನ್ನು ಗಂಡಸರು ನೆನಪಿಡಬೇಕು. ಅದನ್ನು ಪೆಟ್ರೋಲಿಗೆ ಕೇಳಬೇಡಿರಿ. ಅದರಲ್ಲಿ ಒಂದು ಪಾಲನ್ನು ಅವಳು ಕೂಡಿಡಲು ಬಯಸಿದರೆ ಬೆಂಬಲ ಕೊಡಿರಿ.

ಕೂಡಿಟ್ಟದ್ದನ್ನು ಎರಡು ಭಾಗ ಮಾಡಿರಿ. ಮೊದಲನೆಯದು ಆಪತ್ತಿನ ಹಣ. ಕಾಯಿಲೆಗೆ, ಕೆಲಸವಿಲ್ಲದ ದಿನಗಳಿಗೆ. ಮನೆಯ ಒಂದು ತಿಂಗಳ ಖರ್ಚಿನಷ್ಟು ಸೇರುವವರೆಗೆ ಬೇರೆ ಯೋಚನೆ ಬೇಡ. ನಂತರ ಅದನ್ನು ಮೂರು ತಿಂಗಳ ಖರ್ಚಿಗೆ ಏರಿಸಿರಿ. ಇದು ಕೂಡಲೇ ಕೈಗೆ ಸಿಗುವಂತಿರಬೇಕು. ಎರಡನೆಯದು ಮಕ್ಕಳ ಓದಿನ, ಮನೆಯ ದೊಡ್ಡ ಅಗತ್ಯದ ಹಣ. ವರ್ಷಕ್ಕೊಮ್ಮೆ ಒಂದೆರಡು ಗ್ರಾಂ ಬಂಗಾರವನ್ನು ಆಭರಣವಾಗಿ ಅಲ್ಲ, ನಾಣ್ಯವಾಗಿ ಕೊಂಡರೆ ಮಜೂರಿಯ ನಷ್ಟ ಕಡಿಮೆಯಾಗುತ್ತದೆ. ಹರಾಜಿಲ್ಲದ, ಪರಸ್ಪರ ಗೊತ್ತಿರುವ ಹತ್ತು ಮಂದಿಯ ಚೀಟಿಯೂ ಒಳ್ಳೆಯ ದಾರಿ. ಪ್ರತಿಯೊಬ್ಬರೂ ಒಂದೇ ಮೊತ್ತ ಹಾಕಿ, ತಿಂಗಳಿಗೊಬ್ಬರು ಪೂರ್ತಿ ಹಣ ಪಡೆಯುವುದರಲ್ಲಿ ಬಡ್ಡಿ ಇಲ್ಲ. ಆದರೆ ಹೆಸರು, ಮೊತ್ತ, ಸರದಿ ಎಲ್ಲವೂ ಬರವಣಿಗೆಯಲ್ಲಿರಬೇಕು. ಕೂಡಿಟ್ಟದ್ದು ನಿಸಾಬ್ ತಲುಪಿ ವರ್ಷ ತುಂಬಿದರೆ ಅದರ ಎರಡೂವರೆ ಶೇಕಡಾ ಝಕಾತ್ ಬಡವನ ಹಕ್ಕು. ಅದನ್ನು ಮರೆತರೆ ನಮ್ಮ ಉಳಿತಾಯವೂ ಬೇರೆಯವರ ತಟ್ಟೆಯಿಂದ ತೆಗೆದದ್ದಾಗುತ್ತದೆ.

ಒಂದು ಎಚ್ಚರಿಕೆ. ಹಲಾಲ್ ಲಾಭ ಎಂದು ಹೇಳಿ, ತಿಂಗಳು ತಿಂಗಳು ದೊಡ್ಡ ಮೊತ್ತ ಕೊಡುತ್ತೇವೆ ಎನ್ನುವವರನ್ನು ಗಡ್ಡ, ಟೋಪಿ, ಸಲಾಮ್ ನೋಡಿ ನಂಬಬೇಡಿರಿ. 2019ರಲ್ಲಿ ಬೆಂಗಳೂರಿನ ಐಎಂಎ ಸಂಸ್ಥೆ ಮುಚ್ಚಿದಾಗ ಸಾವಿರಾರು ಕುಟುಂಬಗಳು ಬೀದಿಗೆ ಬಿದ್ದದ್ದು ನಮ್ಮ ಕಣ್ಣ ಮುಂದಿನ ಪಾಠ. ಮಗಳ ಮದುವೆಗೆ, ಮಗನ ಓದಿಗೆ ಇಟ್ಟಿದ್ದ ಹಣ ಅದರಲ್ಲಿತ್ತು. ವ್ಯಾಪಾರವೆಂದರೆ ಲಾಭವೂ ಇದೆ, ನಷ್ಟವೂ ಇದೆ. ನಷ್ಟವೇ ಇಲ್ಲವೆನ್ನುವವನ ಮಾತಿನಲ್ಲಿ ವ್ಯಾಪಾರವಿಲ್ಲ.

ಮಕ್ಕಳಿಗೆ ಕಲಿಸುವುದು

ಮನೆಯ ಕಷ್ಟವನ್ನು ಸಣ್ಣ ಮಕ್ಕಳ ತಲೆಗೆ ಹೊರಿಸಬಾರದು. ಆದರೆ ಸತ್ಯವನ್ನು ಅವರ ವಯಸ್ಸಿಗೆ ತಕ್ಕಂತೆ ಹೇಳಬಹುದು. ಅಂಗಡಿಯ ಮುಂದೆ ಅಳುವ ಮಗುವಿಗೆ ನಾಳೆ ತಂದು ಕೊಡುತ್ತೇನೆ ಎಂದು ಸುಳ್ಳು ಹೇಳುವುದು ನಮಗೆಲ್ಲ ಅಭ್ಯಾಸವಾಗಿದೆ. ಒಬ್ಬ ತಾಯಿ ಬಾ, ಕೊಡುತ್ತೇನೆ ಎಂದು ಮಗುವನ್ನು ಕರೆದಾಗ, ಏನು ಕೊಡಲಿದ್ದಿ ಎಂದು ಪ್ರವಾದಿವರ್ಯರು(ಸ) ವಿಚಾರಿಸಿದರು. ಖರ್ಜೂರ ಎಂದಳು. ಏನೂ ಕೊಡದೇ ಇದ್ದಿದ್ದರೆ ಅದು ನಿನ್ನ ಹೆಸರಿನಲ್ಲಿ ಸುಳ್ಳೆಂದು ಬರೆಯಲ್ಪಡುತ್ತಿತ್ತು ಎಂದು ಅವರು ಎಚ್ಚರಿಸಿದರು. ಇವತ್ತು ಇದನ್ನು ಕೊಳ್ಳುವುದಿಲ್ಲ, ನಮಗೆ ಇದು ಬೇಕಿಲ್ಲ ಎಂದು ಪ್ರೀತಿಯಿಂದ, ಗಟ್ಟಿಯಾಗಿ ಹೇಳಿರಿ. ಮಗು ಸ್ವಲ್ಪ ಅಳುತ್ತದೆ, ಆಮೇಲೆ ಮರೆಯುತ್ತದೆ. ಆದರೆ ನೀವು ಹೇಳಿದ ಮಾತು ನಂಬಬಹುದಾದ ಮಾತು ಎಂಬುದನ್ನು ಮರೆಯುವುದಿಲ್ಲ.

ಮಗುವಿಗೆ ಒಂದು ಕಾಸಿನ ಡಬ್ಬಿ ಕೊಡಿರಿ. ಈದ್‌ಗೆ ಸಿಕ್ಕಿದ ಹಣದಲ್ಲಿ ಸ್ವಲ್ಪ ತಾನು ಖರ್ಚು ಮಾಡಲಿ, ಸ್ವಲ್ಪ ಕೂಡಿಡಲಿ, ಸ್ವಲ್ಪ ತನ್ನ ಕೈಯಿಂದಲೇ ಬಡವರಿಗೆ ಕೊಡಲಿ. ಮಕ್ಕಳಿಗೆ ನಿಜವಾಗಿ ಬೇಕಾದುದು ನಮ್ಮ ಸಮಯ. ಇಶಾ ನಮಾಝಿನ ನಂತರ ಮೊಬೈಲು ಬದಿಗಿಟ್ಟು ಮಗುವಿನ ಜೊತೆ ಅರ್ಧ ಗಂಟೆ ಕುಳಿತರೆ ಸಾವಿರ ರೂಪಾಯಿಯ ಆಟಿಕೆ ಬೇಕಾಗುವುದಿಲ್ಲ.

ಜಮಾಅತಿನ ಹೊಣೆ

ಕೊನೆಯದಾಗಿ ಅನುಕೂಲವಂತರಲ್ಲಿ ಒಂದು ಮಾತು. ಬಡವರು ದುಂದುವೆಚ್ಚ ಮಾಡುವುದು ಸಾಮಾನ್ಯವಾಗಿ ಸ್ವಂತ ಆಸೆಯಿಂದಲ್ಲ, ನಿಮ್ಮ ಮನೆಯ ಸಮಾರಂಭ ನೋಡಿ ಬಂದ ಒತ್ತಡದಿಂದ. ನೀವು ನಿಮ್ಮ ಮಗನ ಮದುವೆಯನ್ನು, ಮೊಮ್ಮಗುವಿನ ಅಕೀಕಾವನ್ನು ಮಸೀದಿಯಲ್ಲಿ, ಮನೆಯಂಗಳದಲ್ಲಿ ಸರಳವಾಗಿ ಮಾಡಿದರೆ ಊರಿನ ಇಪ್ಪತ್ತು ಮನೆಗಳು ನಿರಾಳವಾಗಿ ಉಸಿರಾಡುತ್ತವೆ. ಜಿಪುಣನೆಂದು ಯಾರಾದರೂ ಅಂದರೆ ಅನ್ನಲಿ. ಆ ಹಣದಲ್ಲಿ ಒಬ್ಬ ಹುಡುಗಿಯ ಓದು ಮುಂದುವರಿಯಲಿ.

ಮದ್ರಸದ ಕೋಣೆಯಲ್ಲಿ ಒಂದು ಕಪಾಟು ಇಡೋಣ. ಕಳೆದ ವರ್ಷದ ಪಠ್ಯಪುಸ್ತಕ, ಚಿಕ್ಕದಾದ ಸಮವಸ್ತ್ರ, ಕೊಡೆ, ಬ್ಯಾಗು ಇದ್ದವರು ತಂದಿಡಲಿ, ಬೇಕಾದವರು ಹೆಸರು ಬರೆಯದೆ ತೆಗೆದುಕೊಳ್ಳಲಿ. ಬೈತುಲ್ ಮಾಲ್‌ನಲ್ಲಿ ಆಸ್ಪತ್ರೆ ಮತ್ತು ಶಾಲಾ ಶುಲ್ಕಕ್ಕಾಗಿ ಬಡ್ಡಿಯಿಲ್ಲದ ಸಣ್ಣ ಸಾಲದ ನಿಧಿಯನ್ನು ಮೀಸಲಿಡಲು ಜಮಾಅತ್ ಸಮಿತಿ ಮುಂದಾಗಲಿ. ಒಬ್ಬ ತಾಯಿಯ ಬಳೆ ಅವಳ ಕೈಯಲ್ಲೇ ಉಳಿದರೆ ಆ ನಿಧಿ ಸಾರ್ಥಕವಾಯಿತು.

ಸಹೋದರರೇ, ಇಂದು ಮನೆಗೆ ಹೋಗಿ ಊಟಕ್ಕೆ ಕುಳಿತಾಗ ಮೊದಲು ಮನೆಯವಳ ತಟ್ಟೆಯನ್ನು ನೋಡಿರಿ, ನಂತರ ಮಕ್ಕಳ ತಟ್ಟೆಯನ್ನು. ಅವು ತುಂಬಿರಲಿ. ಉಳಿತಾಯವನ್ನು ನಮ್ಮ ಜೇಬಿನಿಂದ, ನಮ್ಮ ಆಡಂಬರದಿಂದ ಆರಂಭಿಸೋಣ.

ಅಲ್ಲಾಹನೇ, ನಮ್ಮ ಸಂಪಾದನೆಯನ್ನು ಹಲಾಲ್ ಆಗಿಸು, ಅದರಲ್ಲಿ ಬರಕತ್ ನೀಡು. ದುಂದುವೆಚ್ಚದಿಂದಲೂ ಜಿಪುಣತನದಿಂದಲೂ ನಮ್ಮನ್ನು ಕಾಪಾಡು. ಸಾಲದ ಭಾರದಿಂದ ಬಿಡುಗಡೆ ಮಾಡು. ನಮ್ಮ ಮಕ್ಕಳನ್ನು ನಮ್ಮ ಕಣ್ಣಿಗೆ ತಂಪಾಗಿಸು, ಅವರು ಯಾರ ಮುಂದೆಯೂ ಕೈಚಾಚದಂತೆ ಮಾಡು, ಕೊಡುವ ಕೈಗಳನ್ನು ಅವರಿಗೆ ಕರುಣಿಸು. ಆಮೀನ್.